ಕುರ್ಚಿ ಬಿಟ್ಟು ಏಳಲು ಅಡ್ಡಿ ಏನು?

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ವರವು ಕಾವಲ್ ಎಂದರೆ ದನ, ಕುರಿಗಳ ಹಿಂದೆ ಜನ ದಿನವಿಡೀ ನಡೆಯುತ್ತಿದ್ದ ಹುಲ್ಲುಗಾವಲು. 2017ರ ಮೇ 28ರಂದು ಅಲ್ಲಿ ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಕಾವಲು ಕಳೆದುಕೊಂಡವರ ಅಳಲು ಬೇರೆಯೇ ವಿಷಯ. ಆದರೆ ನಡಿಗೆಯ ನೆಲಕ್ಕೆ ಕಚೇರಿ ಬಂದ ಈ ಬದಲಾವಣೆ ನಮ್ಮ ಮನೆಗಳಲ್ಲೂ ಆಗಿದೆ. ಅಜ್ಜ ಸಂತೆಗೆ ನಡೆದು ಹೋಗುತ್ತಿದ್ದರು. ಮೊಮ್ಮಗ ಬ್ಯಾಂಕಿನಲ್ಲೋ ತಾಲ್ಲೂಕು ಕಚೇರಿಯಲ್ಲೋ ಕಂಪ್ಯೂಟರ್ ಮುಂದೆ ಕೂತಿರುತ್ತಾನೆ.

ಕೂತು ಮಾಡುವ ಕೆಲಸದ ಅಪಾಯ ಹೊಸ ಸಂಗತಿಯಲ್ಲ. ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ 1953ರಲ್ಲೇ ಬಸ್ ನೌಕರರನ್ನು ಹೋಲಿಸಿ ನೋಡಿದ್ದರು. ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಲ್ಲಿ ಹೃದ್ರೋಗ ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ನಮ್ಮ ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸಾಕಷ್ಟು ಚಟುವಟಿಕೆ ಇಲ್ಲ. ಹೆಂಗಸರಲ್ಲಿ ಈ ಪ್ರಮಾಣ ಶೇ. 57, ಗಂಡಸರಲ್ಲಿ ಶೇ. 42. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹತ್ತಿರ ಬರುವ ದಾರಿಗಳಲ್ಲಿ ಇದೂ ಒಂದು.

ಇದನ್ನು ಸೋಮಾರಿತನ ಎಂದುಬಿಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ನಡೆದರೆ ಒಳ್ಳೆಯದೆಂದು ಯಾರಿಗೆ ಗೊತ್ತಿಲ್ಲ? ಕಚೇರಿಯ ದಿನವೇ ಏಳದಂತೆ ಕಟ್ಟಿಹಾಕುತ್ತದೆ. ಚಹಾ ಮೇಜಿಗೇ ಬರುತ್ತದೆ, ಫೈಲೂ ಬರುತ್ತದೆ. ಪದೇಪದೇ ಎದ್ದರೆ ಮೇಲಿನವರು ಏನೆಂದುಕೊಂಡಾರೋ ಎಂಬ ಅಳುಕು ಬೇರೆ. ಸಂಜೆ ತಲೆ ದಣಿದಿರುತ್ತದೆ. ಅದನ್ನೇ ಮೈ ದಣಿವೆಂದು ತಿಳಿದು ಮತ್ತೆ ಮೊಬೈಲ್ ಹಿಡಿದು ಕೂರುತ್ತೇವೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಹಗಲು ಹೊರಗೆ ಕಾಲಿಡುವಂತೆಯೂ ಇರುವುದಿಲ್ಲ.

ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಕಷ್ಟ ಇನ್ನೂ ಹೆಚ್ಚು. ಬೆಳಗಿನ ತಂಪು ಹೊತ್ತು ಅಡುಗೆ, ಮಕ್ಕಳ ಡಬ್ಬಿಗೆ ಹೋಗುತ್ತದೆ. ಸಂಜೆ ಒಬ್ಬಳೇ ವಾಕಿಂಗ್ ಹೊರಟರೆ ‘ಎಲ್ಲಿಗೆ?’ ಎಂಬ ಪ್ರಶ್ನೆ. ಇಲ್ಲಿ ಔಷಧಿ ಮನೆಯವರ ಕೈಯಲ್ಲಿದೆ. ಗಂಡ ಬೆಳಗಿನ ಅರ್ಧ ಗಂಟೆ ಮಕ್ಕಳನ್ನು ನೋಡಿಕೊಂಡರೆ, ಅತ್ತೆಯೋ ನಾದಿನಿಯೋ ಜೊತೆಗೆ ಹೊರಟರೆ, ಆ ಪ್ರಶ್ನೆ ಕೇಳುವವರೇ ಇರುವುದಿಲ್ಲ.

ನಡಿಗೆಗೆ ಎಳೆಯುವುದೂ ಮುಖ್ಯವಾಗಿ ಜೊತೆಗಾರರೇ. ಊಟವಾದ ಮೇಲೆ ಇಬ್ಬರು ಸಹೋದ್ಯೋಗಿಗಳು ವರಾಂಡದಲ್ಲಿ ಹತ್ತು ನಿಮಿಷ ಅಡ್ಡಾಡಿದರೆ ಮೂರನೆಯವರಿಗೂ ಏಳಲು ಧೈರ್ಯ ಬರುತ್ತದೆ. ಅಧಿಕಾರಿಯೇ ಎದ್ದರಂತೂ ಯಾರಿಗೂ ಅಳುಕಿಲ್ಲ. ಎರಡನೆಯದು, ಈಗಾಗಲೇ ಗೊತ್ತಾದ ಹೊತ್ತಿಗೆ ನಡಿಗೆಯನ್ನು ಗಂಟು ಹಾಕುವುದು. ಜುಹರ್ ನಮಾಜಿಗೆ ಹೇಗೂ ಏಳುತ್ತೀರಿ. ಕೂಗಳತೆಯ ಮಸೀದಿಗೂ ಬೈಕ್ ಹತ್ತುವುದೇಕೆ? ನಮಾಜ್ ಆರಾಧನೆ, ವ್ಯಾಯಾಮವಲ್ಲ. ರುಕೂ, ಸಜ್ದಾಗಳಲ್ಲಿ ಕೀಲುಗಳು ಸಡಿಲವಾಗುವುದು ನಿಜ, ಆದರೆ ಬಿರುಸು ನಡಿಗೆಯ ಲೆಕ್ಕ ಬೇರೆ.

ಆ ಲೆಕ್ಕ ವಾರಕ್ಕೆ ಕನಿಷ್ಠ 150 ನಿಮಿಷ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ನಡೆಯಬೇಕೆಂಬ ಹಳೆಯ ಕಟ್ಟಳೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ಎರಡು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸಾಕು. ಎದೆನೋವು ಬರುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಮೊದಲು ವೈದ್ಯರನ್ನು ಕೇಳಿಯೇ ಶುರು ಮಾಡಿ.