ತೂಕಕ್ಕೂ ಬಾಡಿಗೆ, ಜಾಗಕ್ಕೂ ಬಾಡಿಗೆ

ಗಾಡಿಗೆ ಬೆಲ್ಲ ಹೇರಿದರೆ ಎತ್ತಿಗೆ ಭಾರ. ಹತ್ತಿ ಹೇರಿದರೆ ಗಾಡಿಗೆ ಇಕ್ಕಟ್ಟು. ನಮ್ಮ ಹಿರಿಯರು ಬಲ್ಲ ಈ ಮಾತನ್ನೇ ಇಂದಿನ ಸಾಗಣೆಯ ಕಂಪನಿಗಳು ಲೆಕ್ಕಕ್ಕೆ ಇಳಿಸಿವೆ. ಹಗುರವಾದ ಸರಕು ಹೆಚ್ಚು ಜಾಗ ಹಿಡಿದರೆ ಆ ಜಾಗಕ್ಕೂ ಬಾಡಿಗೆ ತೆರಬೇಕು. ಜಾಗವನ್ನು ಕ್ಷಣಮಾತ್ರದಲ್ಲಿ ಅಳೆಯುವುದಕ್ಕೆ ಈಗ ಸ್ಕ್ಯಾನರ್ ಎಂಬ ಯಂತ್ರಗಳಿವೆ. ಹೊರ ಊರುಗಳಿಗೆ ಮಾಲು ಕಳಿಸುವ ರೈತ ಬಾಂಧವರು ಇವುಗಳ ರೀತಿಯನ್ನು ತಿಳಿದಿರುವುದು ಒಳ್ಳೆಯದು.

ಯಂತ್ರವು ಸರಕಿನ ಮೇಲೆ ಬೆಳಕಿನ ಕಿರಣಗಳನ್ನು ಬೀರುತ್ತದೆ. ಅವು ತಾಗಿ ಮರಳಿದ ಬಗೆಯಿಂದ ಮೇಲ್ಮೈಯ ಸಾವಿರಾರು ಬಿಂದುಗಳ ದೂರವನ್ನು ತಿಳಿದು ಆಕಾರವನ್ನು ಗ್ರಹಿಸುತ್ತದೆ. ಕೆಲವು ಯಂತ್ರಗಳಲ್ಲಿ ಕ್ಯಾಮರಾಗಳೂ ಇರುತ್ತವೆ.

ಪೆಟ್ಟಿಗೆಯನ್ನು ಅಳೆಯುವಾಗ ಯಂತ್ರವು ಅದರ ಅತಿ ಹೆಚ್ಚಿನ ಉದ್ದ, ಅಗಲ, ಎತ್ತರಗಳನ್ನು ಹಿಡಿಯುತ್ತದೆ. ಕಾಸರಗೋಡಿನ ಕಡೆಯ ಅಡಿಕೆ ಹಾಳೆಯ ತಟ್ಟೆಗಳನ್ನೇ ನೋಡಿರಿ. 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ಪೆಟ್ಟಿಗೆಯಲ್ಲಿ 9 ಕಿಲೋ ತಟ್ಟೆಗಳಿವೆಯೆನ್ನಿ. ಮೂರನ್ನೂ ಗುಣಿಸಿದರೆ 96,000. ಹಲವು ಪಾರ್ಸೆಲ್ ಕಂಪನಿಗಳು ಇದನ್ನು 5,000ದಿಂದ ಭಾಗಿಸುತ್ತವೆ. ಆಗ ಬರುವುದು 19.2 ಕಿಲೋ. ವಿಮಾನದ ಸರಕಿಗೆ ರೂಢಿಯಲ್ಲಿರುವ 6,000ದಿಂದ ಭಾಗಿಸಿದರೆ 16 ಕಿಲೋ. ನಿಜತೂಕ, ಗಾತ್ರತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ. ಪೆಟ್ಟಿಗೆಯ ಮೇಲ್ಭಾಗ 5 ಸೆಂ.ಮೀ. ಉಬ್ಬಿದರೂ 5,000ದ ಲೆಕ್ಕದಲ್ಲಿ 19.2 ಕಿಲೋ 21.6 ಆಗುವುದು! ತಟ್ಟೆಗಳಿಗಲ್ಲ, ಗಾಳಿಗೆ ಹಣ ತೆತ್ತಂತೆ.

ಸಡಿಲ ಸರಕಿನ ಪಾಡು ಬೇರೆ. ಜಲ್ಲಿ, ಮರಳು, ಮರದ ಚಕ್ಕೆಗಳ ಲಾರಿಯನ್ನು ಮೇಲೆ ನೆಟ್ಟ ಯಂತ್ರವು ಖಾಲಿಯಿದ್ದಾಗೊಮ್ಮೆ, ತುಂಬಿದಾಗೊಮ್ಮೆ ಅಳೆಯುತ್ತದೆ. ಎರಡರ ವ್ಯತ್ಯಾಸವೇ ಮಾಲಿನ ಘನಗಾತ್ರ. ಆದರೆ ಟಾರ್ಪಾಲು ಹೊದಿಸಿದ್ದರೆ ಯಂತ್ರಕ್ಕೆ ಕಾಣುವುದು ಟಾರ್ಪಾಲೇ ಹೊರತು ಮಾಲಲ್ಲ. ತುಸು ಒದ್ದೆಯಾದ ಮರಳು ಉಬ್ಬುತ್ತದೆ. ಗೊಬ್ಬರ, ಚಕ್ಕೆಗಳು ದಾರಿಯ ಕುಲುಕಾಟದಲ್ಲಿ ಕುಸಿಯುತ್ತವೆ. ಆದ್ದರಿಂದ ತುಂಬಿದ ಕಡೆ ಅಳೆದದ್ದಕ್ಕೂ ಇಳಿಸುವ ಕಡೆ ಅಳೆದದ್ದಕ್ಕೂ ಹೊಂದಿಕೆಯಾಗದಿರಬಹುದು. ಎಲ್ಲಿಯ ಅಳತೆಗೆ ಹಣ ಎಂಬುದನ್ನು ಮೊದಲೇ ಮಾತಾಡಿಕೊಳ್ಳತಕ್ಕದ್ದು.

ಯಂತ್ರಕ್ಕೂ ಕುಂದುಗಳಿವೆ. ಮಿರುಗುವ ಪ್ಲಾಸ್ಟಿಕ್, ಪಾರದರ್ಶಕ ಹಾಳೆ, ಕಡುಗಪ್ಪು ಹೊದಿಕೆಗಳ ಮೇಲೆ ಬೆಳಕು ಸರಿಯಾಗಿ ಮರಳದೆ ಅಳತೆ ತಪ್ಪುವ ಸಂಭವವುಂಟು. ಜೋತುಬಿದ್ದ ಹಗ್ಗ, ಹೊರಚಾಚಿದ ಪಟ್ಟಿ ಸಹ ಲೆಕ್ಕಕ್ಕೆ ಸೇರಬಹುದು. ವ್ಯಾಪಾರದಲ್ಲಿ ಬಳಸುವ ಅಳತೆ ಸಾಧನಗಳನ್ನು ಪರೀಕ್ಷಿಸಿ ಸರಕಾರದ ಮುದ್ರೆ ಹಾಕುವ ವ್ಯವಸ್ಥೆ ನಮ್ಮ ದೇಶದಲ್ಲಿ 2009ರ ಮಾಪನಶಾಸ್ತ್ರ ಕಾಯ್ದೆಯಲ್ಲಿದೆ. ಅನುಮಾನ ಬಂದರೆ ಮುದ್ರೆ ಎಲ್ಲಿದೆಯೆಂದು ಕೇಳಲು ಸಂಕೋಚ ಬೇಡ.

ರೈತರು ಮಾಡಬೇಕಾದುದಿಷ್ಟು: ತಟ್ಟೆಗಳನ್ನು ಒಂದರೊಳಗೊಂದು ಜೋಡಿಸಿರಿ, ಮಾಲಿಗೆ ತಕ್ಕ ಪೆಟ್ಟಿಗೆಯನ್ನು ಆರಿಸಿರಿ, ಉಬ್ಬದಂತೆ ಬಿಗಿಯಿರಿ. ಕಂಪನಿಯ ಭಾಜಕ ಎಷ್ಟೆಂದು ದರಪಟ್ಟಿಯಲ್ಲಿ ನೋಡಿರಿ. ಮನೆಯಲ್ಲೇ ಟೇಪು ಹಿಡಿದು ಮೂರು ಅಳತೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಬಿಲ್ಲು ಬಂದಾಗ ತಾಳೆ ನೋಡಿರಿ. ಗುಣಾಕಾರ ಬಲ್ಲ ಶಾಲೆಯ ಮಗುವೂ ಈ ಲೆಕ್ಕ ಮಾಡಬಲ್ಲದು. ಯಂತ್ರ ಎಷ್ಟೇ ಚುರುಕಾಗಿದ್ದರೂ ಹಣ ತೆರುವವನ ಕೈಯಲ್ಲಿ ತನ್ನದೇ ಲೆಕ್ಕವೊಂದು ಇರಬೇಕು.