ಪುಷ್ಯ, ಆಶ್ಲೇಷಗಳ ನಡುವೆ ಒಂದು ಹಗುರ ನಕ್ಷತ್ರ

ಗುತ್ತಿಗಾರಿನ ಅಡಿಕೆ ಕೃಷಿಕರಿಗೆ ಪುಷ್ಯ, ಆಶ್ಲೇಷ ಎಂದರೆ ಮೊದಲು ನೆನಪಾಗುವುದು ಮಳೆ. ಕೊಳೆರೋಗಕ್ಕೆ ಮದ್ದು ಬಿಡಲು ಮಳೆಯ ಬಿಡುವಿಗಾಗಿ ಕಾಯುವ ಆಟಿ ತಿಂಗಳು ಅದು. ಆ ದಿನಗಳಲ್ಲಿ ಸೂರ್ಯ ಈ ನಕ್ಷತ್ರಗಳ ದಿಕ್ಕಿನಲ್ಲೇ ಇರುವುದರಿಂದ, ಮೋಡ ಸರಿದರೂ ಅವು ಕಾಣವು. ಅವನ್ನು ಚೆನ್ನಾಗಿ ನೋಡಲು ಮಾರ್ಚ್ ಒಳ್ಳೆಯ ತಿಂಗಳು. ಆ ತಿಂಗಳ ನಡುವೆ, ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ಪುಷ್ಯ ಮತ್ತು ಆಶ್ಲೇಷಗಳ ನಡುವಿನ ಒಂದು ನಕ್ಷತ್ರಗುಚ್ಛ ಊರಿನ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಬೈನಾಕ್ಯುಲರ್‌ನಲ್ಲಿ ಮಸುಕು ಮಚ್ಚೆಯಂತೆ ಕಾಣುವ ಇದರ ಹೆಸರು ಎಂ67. ವಯಸ್ಸು ಸುಮಾರು 400 ಕೋಟಿ ವರ್ಷ.

2019ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಸಿಂಧು, ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಈ ಗುಚ್ಛದಲ್ಲಿ ಒಂದು ಶ್ವೇತಕುಬ್ಜವನ್ನು ಪತ್ತೆಮಾಡಿದರು. ಶ್ವೇತಕುಬ್ಜವೆಂದರೆ ಇಂಧನ ಮುಗಿದ ನಕ್ಷತ್ರದ ಉಳಿದ ತಿರುಳು. ಈ ಶ್ವೇತಕುಬ್ಜದ ದ್ರವ್ಯರಾಶಿ ಸೂರ್ಯನ ಸುಮಾರು 0.18 ಪಾಲು ಮಾತ್ರ. ನನಗೆ ಬೆರಗು ತಂದದ್ದು ಈ ಅಂಕಿಯೇ. ಸಾಮಾನ್ಯ ಶ್ವೇತಕುಬ್ಜ ಸೂರ್ಯನ 0.6 ಪಾಲಿನಷ್ಟು ತೂಗುತ್ತದೆ. ಒಂಟಿ ನಕ್ಷತ್ರವೊಂದು ತಾನಾಗಿಯೇ ಸವೆದು ಇಷ್ಟು ಹಗುರ ತಿರುಳಾಗಲು ವಿಶ್ವದ 1,380 ಕೋಟಿ ವರ್ಷಗಳ ಆಯುಸ್ಸೂ ಸಾಲದು. ಹಾಗಿದ್ದರೆ ಇದು ಬಂದದ್ದು ಹೇಗೆ? ಜೊತೆಗಿರುವ ನಕ್ಷತ್ರ ಇದರ ಹೊರಕವಚವನ್ನು ಎಳೆದುಕೊಂಡಿದೆ. ಸುಮಾರು ನಾಲ್ಕು ದಿನಕ್ಕೊಮ್ಮೆ ಇವೆರಡೂ ಪರಸ್ಪರ ಸುತ್ತುತ್ತವೆ. ಆ ಕವಚವನ್ನು ಪಡೆದುಕೊಂಡ ಸಂಗಾತಿ ತನ್ನ ಓರಗೆಯ ನಕ್ಷತ್ರಗಳಿಗಿಂತ ಬಿಸಿಯಾಗಿ, ಪ್ರಾಯದಲ್ಲಿ ಕಿರಿಯದೆಂಬಂತೆ ಹೊಳೆಯುತ್ತಿದೆ. ಇಂಥವಕ್ಕೆ ಬ್ಲೂ ಸ್ಟ್ರ್ಯಾಗ್ಲರ್ ಎನ್ನುತ್ತಾರೆ. 1953ರಲ್ಲಿ ಖಗೋಳಜ್ಞ ಅಲನ್ ಸ್ಯಾಂಡೇಜ್ ಇವನ್ನು ಮೊದಲು ಗುರುತಿಸಿದಾಗ, ಮುದಿ ಗುಚ್ಛದಲ್ಲಿ ಇವು ಹೇಗೆ ಎಂಬುದೇ ಒಗಟಾಗಿತ್ತು.

ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸಂಗಾತಿಯ ಪ್ರಭೆ ಶ್ವೇತಕುಬ್ಜವನ್ನು ಮುಳುಗಿಸಿಬಿಡುತ್ತದೆ. ನೇರಳಾತೀತ ಬೆಳಕಿನಲ್ಲಿ ಹಾಗಲ್ಲ. ಹದಿಮೂರು ಸಾವಿರ ಡಿಗ್ರಿ ಮೀರಿದ ಬಿಸಿಯ ಈ ಪುಟ್ಟ ತಿರುಳು ಅಲ್ಲಿ ತನ್ನ ಇರವು ತೋರಿಸುತ್ತದೆ. ನೇರಳಾತೀತ ಕಿರಣಗಳನ್ನು ನಮ್ಮ ವಾತಾವರಣ ತಡೆಯುವುದರಿಂದ ಬಾಹ್ಯಾಕಾಶದ ದೂರದರ್ಶಕವೇ ಬೇಕು. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಯುವಿಐಟಿ ದೂರದರ್ಶಕ ಈ ಕೆಲಸ ಮಾಡಿತು. ಆ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ.

ಇಂಥ ಜೋಡಿಗಳನ್ನು ಪತ್ತೆಮಾಡಲು ಬೇರೆ ದಾರಿಯೂ ಇದೆ. ಅಮೆರಿಕದ ವಾರೆನ್ ಬ್ರೌನ್, ಮುಕ್ರೆಮಿನ್ ಕಿಲಿಚ್ ತಂಡ ಅರಿಝೋನಾದ 6.5 ಮೀಟರ್ ದೂರದರ್ಶಕದಿಂದ ಹಗುರ ಶ್ವೇತಕುಬ್ಜಗಳ ರೋಹಿತರೇಖೆಗಳನ್ನು ಗಮನಿಸುತ್ತದೆ. ರೇಖೆಗಳು ಒಮ್ಮೆ ನೀಲಿಯ ಕಡೆಗೆ, ಒಮ್ಮೆ ಕೆಂಪಿನ ಕಡೆಗೆ ಸರಿದರೆ ಕಾಣದ ಸಂಗಾತಿ ಇದೆಯೆಂದೇ ಅರ್ಥ. 2011ರಲ್ಲಿ ಅವರಿಗೆ ಸಿಕ್ಕ ಜೋಡಿಯೊಂದು 12.75 ನಿಮಿಷಕ್ಕೊಂದು ಸುತ್ತು ಮುಗಿಸುತ್ತದೆ. ಮರುವರ್ಷ ಅಳೆದಾಗ ಆ ನಕ್ಷತ್ರಗಳು ಒಂದನ್ನೊಂದು ಮರೆಮಾಡುವ ಗ್ರಹಣಗಳು ಲೆಕ್ಕಕ್ಕಿಂತ ಆರು ಸೆಕೆಂಡು ಮೊದಲೇ ಆಗುತ್ತಿದ್ದವು. ಗುರುತ್ವ ಅಲೆಗಳು ಶಕ್ತಿಯನ್ನು ಒಯ್ಯುತ್ತಿರುವುದರಿಂದ ಕಕ್ಷೆ ಕುಗ್ಗುತ್ತಿದೆ. ಆ ಅಲೆಗಳನ್ನೇ ನೇರವಾಗಿ ಹಿಡಿಯಲು ಯುರೋಪಿನ ಲಿಸಾ ನೌಕೆಗಳು 2030ರ ದಶಕದ ನಡುವೆ ಹೊರಡಲಿವೆ.