ಗಣಕಯಂತ್ರದ ಭಾಷೆಯ ಆವೃತ್ತಿಗಳೂ ಕಾಣದ ಮಾಡ್ಯೂಲುಗಳೂ

ಗಣಕಯಂತ್ರವನ್ನು ಕಲಿಯತೊಡಗಿದ ಬಾಲಿಕೆಯರಲ್ಲಿ ಅನೇಕರು ಪರದೆಯ ಮೇಲೆ ಕೆಂಪಕ್ಷರಗಳನ್ನು ಕಂಡೊಡನೆ, ತಮ್ಮ ಬುದ್ಧಿಯೇ ಸಾಲದೆಂದು ಎದೆಗುಂದುವದುಂಟು. ಭಾತಂಬ್ರಾದಂಥ ಗ್ರಾಮದಲ್ಲಿ, ಈ ವಿದ್ಯೆಯನ್ನು ಬಲ್ಲವರು ಮನೆಯಲ್ಲಿಲ್ಲದಿರುವಾಗ, ಅಂಥ ಒಂದು ಸಾಲಿನಿಂದಲೇ ಒಬ್ಬ ಬಾಲಿಕೆಯ ಅಭ್ಯಾಸವು ನಿಂತುಹೋಗಬಹುದು. ಆದಕಾರಣ ಆ ಸಾಲಿನ ಅರ್ಥವನ್ನೂ ಅದರ ಪರಿಹಾರವನ್ನೂ ಇಲ್ಲಿ ವಿವರಿಸುವೆವು.

ಮೆಟ್ರಿಕ್ ಅಳತೆಯು 1958ರಿಂದ ಜಾರಿಗೆ ಬರುವ ಮೊದಲು ಸೇರು ಎಂಬ ಹೆಸರು ಒಂದೇ ಆಗಿದ್ದರೂ ಅದರ ಪ್ರಮಾಣವು ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು. ಪೈಥಾನ್ ಎಂಬ ಭಾಷೆಯ ಸಂಗತಿಯೂ ಹಾಗೆಯೇ. 1991ರಲ್ಲಿ ಗೀಡೋ ವಾನ್ ರಾಸಮ್ ಎಂಬವರು ಪ್ರಕಟಿಸಿದ ಈ ಭಾಷೆಯ ಮೂರನೆಯ ಆವೃತ್ತಿಯು 2008ರಲ್ಲಿ ಹೊರಟಿತು. ಎರಡನೆಯದರ ಪೋಷಣೆಯು 2020ರ ಜನವರಿ 1ಕ್ಕೆ ಮುಗಿಯಿತು. 5ನ್ನು 2ರಿಂದ ಭಾಗಿಸೆಂದರೆ ಎರಡನೆಯ ಆವೃತ್ತಿಯು 2 ಎಂದೂ ಮೂರನೆಯದು 2.5 ಎಂದೂ ಉತ್ತರ ಕೊಡುವದು. ಒಂದೇ ಬರಹಕ್ಕೆ ಎರಡು ಉತ್ತರಗಳು! ಆದುದರಿಂದ ಹಳೆಯ ಪುಸ್ತಕದ ಪಾಠವು ಹೊಸ ಯಂತ್ರದಲ್ಲಿ ನಡೆಯದೆ ಹೋದರೆ ಅದು ವಿದ್ಯಾರ್ಥಿನಿಯ ತಪ್ಪೇ ಆಗಿರಬೇಕೆಂದಿಲ್ಲ.

ಇನ್ನು ಮಾಡ್ಯೂಲ್ ಎಂದರೆ ಇತರರು ಬರೆದಿಟ್ಟ ಸಿದ್ಧ ಬರಹ. ಅದನ್ನು ‘ಇಂಪೋರ್ಟ್’ ಎಂಬ ಮಾತಿನಿಂದ ಕರೆಯುವೆವು. ಕರೆದದ್ದು ಸಿಕ್ಕದಿದ್ದರೆ ಯಂತ್ರವು ‘ಮಾಡ್ಯೂಲ್‌ನಾಟ್‌ಫೌಂಡ್‌ಎರರ್’ ಎಂದು ತಿಳಿಸುವದು. ಒಂದೇ ಯಂತ್ರದಲ್ಲಿ ಎರಡು ಪೈಥಾನುಗಳಿದ್ದರೆ ಒಂದೊಂದಕ್ಕೂ ಬೇರೆ ಬೇರೆ ಭಂಡಾರವಿರುವದು. ಒಂದರ ಭಂಡಾರದಲ್ಲಿಟ್ಟದ್ದನ್ನು ಮತ್ತೊಂದು ಕಾಣದು. ಬಹಳಷ್ಟು ತೊಂದರೆಗೆ ಇದೇ ಮೂಲ.

ಪರಿಹಾರವನ್ನು ಕ್ರಮವಾಗಿ ಮಾಡತಕ್ಕದ್ದು. ಆಜ್ಞೆಗಳನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಮೊದಲು ದೋಷಸೂಚನೆಯ ಕಡೆಯ ಸಾಲನ್ನು ಓದಿ, ಹೆಸರಿನ ಅಕ್ಷರಗಳು ಸರಿಯೋ ಎಂದು ನೋಡಬೇಕು. ಎರಡನೆಯದಾಗಿ, ನಿಮ್ಮ ಸ್ವಂತ ಕಡತಕ್ಕೆ ‘ರ‍್ಯಾಂಡಮ್’ ಮುಂತಾದ ಮಾಡ್ಯೂಲಿನ ಹೆಸರನ್ನೇ ಇಟ್ಟಿರುವಿರೋ ಎಂದು ಪರೀಕ್ಷಿಸಬೇಕು. ಇಟ್ಟಿದ್ದರೆ ಯಂತ್ರವು ನಿಜವಾದದ್ದನ್ನು ಬಿಟ್ಟು ನಿಮ್ಮದನ್ನೇ ತೆರೆಯುವದು. ಮೂರನೆಯದಾಗಿ, ‘ಪೈಥಾನ್ --ವರ್ಷನ್’ ಎಂದು ಕೇಳಿ ಆವೃತ್ತಿಯನ್ನು ತಿಳಿಯಬೇಕು. ಯಾಕಂದರೆ ಕೆಲವು ಮಾಡ್ಯೂಲುಗಳು ಭಾಷೆಯಿಂದಲೇ ತೆಗೆಯಲ್ಪಟ್ಟಿವೆ, 2023ರ 3.12ನೆಯ ಆವೃತ್ತಿಯಲ್ಲಿ ‘ಡಿಸ್ಟ್‌ಯುಟಿಲ್ಸ್’ ಇಲ್ಲದೆ ಹೋಯಿತು. ನಾಲ್ಕನೆಯದಾಗಿ, ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್’ ಎಂದು ಬರೆದು ಬೇಕಾದುದರ ಹೆಸರನ್ನು ಸೇರಿಸಬೇಕು. ಹೀಗೆ ಮಾಡಿದರೆ, ಯಾವ ಪೈಥಾನನ್ನು ಕರೆದೆವೋ ಅದರ ಭಂಡಾರಕ್ಕೇ ಅದು ಸೇರುವದು.

ಇಲ್ಲೊಂದು ಎಚ್ಚರಿಕೆ. ಕರೆಯುವ ಹೆಸರೂ ತರಿಸುವ ಹೆಸರೂ ಕೆಲವೆಡೆ ಬೇರೆಯಾಗಿರುವವು. ‘ಸಿವಿ2’ ಎಂಬುದನ್ನು ‘ಓಪನ್‌ಸಿವಿ-ಪೈಥಾನ್’ ಎಂಬ ಹೆಸರಿನಿಂದ ತರಿಸಬೇಕು. ಊಹೆಯಿಂದ ಹೆಸರು ಬರೆಯಲಾಗದು. ಹೋಲುವ ಹೆಸರುಗಳಲ್ಲಿ ದುಷ್ಟರು ಕೇಡಿನ ಬರಹಗಳನ್ನು ಇಟ್ಟದ್ದುಂಟು.

ಪ್ರತಿಯೊಂದು ಕೆಲಸಕ್ಕೂ ‘ವೆನ್ವ್’ ಎಂಬ ಸಾಧನದಿಂದ ಪ್ರತ್ಯೇಕ ಭಂಡಾರವನ್ನು ಮಾಡಿಕೊಳ್ಳುವದು ಉತ್ತಮ ಪದ್ಧತಿ. ಆ ಭಂಡಾರದಲ್ಲಿರುವವುಗಳ ಹೆಸರನ್ನೂ ಆವೃತ್ತಿಯನ್ನೂ ‘ರಿಕ್ವೈರ್‌ಮೆಂಟ್ಸ್’ ಎಂಬ ಕಡತದಲ್ಲಿ ಬರೆದಿಟ್ಟು, ಪೈಥಾನಿನ ಆವೃತ್ತಿಯನ್ನೂ ಗುರುತು ಹಾಕಿಕೊಂಡರೆ, ಶಾಲೆಯಲ್ಲಿ ಮಾಡಿದ ಕೆಲಸವನ್ನು ಮುಂದೆ ಭಾಲ್ಕಿಯ ಅಥವಾ ಬೀದರಿನ ಕಾಲೇಜಿನಲ್ಲಿಯೂ ಪುನಃ ನಡಿಸಬಹುದು.

ಪ್ರಿಯ ಬಾಲಿಕೆಯರೇ, ದೋಷಸೂಚನೆಯು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪಲ್ಲ. ಏನು ಕಾಣೆಯಾಗಿದೆಯೆಂದು ಹೇಳುವ ಚೀಟಿ ಮಾತ್ರ. ದೇವರು ಕೊಟ್ಟ ಬುದ್ಧಿಯನ್ನೂ ತಾಳ್ಮೆಯನ್ನೂ ಉಪಯೋಗಿಸಿ ಅದನ್ನು ಕಡೆಯ ವರೆಗೆ ಓದಿರಿ.